ಎರಡು ಎದೆಗಳ ನಡುವಿನ ನಾಲ್ಕು ಗಂಟೆ: ಹೃದಯ ಕಸಿಯಲ್ಲಿ ನಿಜವಾಗಿ ಬದಲಾಗುತ್ತಿರುವುದೇನು?

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ದಾನಿಯ ಮಹಾಪಧಮನಿಗೆ ಕ್ಲ್ಯಾಂಪ್ ಬಿದ್ದ ಕ್ಷಣ ಹೃದಯದ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಅಲ್ಲಿಂದ ಇನ್ನೊಂದು ಎದೆಯಲ್ಲಿ ಆ ಹೃದಯಕ್ಕೆ ಮತ್ತೆ ರಕ್ತ ಹರಿಯುವ ತನಕ 4 ಗಂಟೆ ಮೀರಬಾರದು ಎಂಬುದು ಕಸಿ ತಂಡಗಳು ದಶಕಗಳಿಂದ ಪಾಲಿಸಿಕೊಂಡು ಬಂದ ಲೆಕ್ಕ. ಮೂತ್ರಪಿಂಡವನ್ನು ತಂಪಿನಲ್ಲಿ ಒಂದು ದಿನ ಇಡಬಹುದು. ಯಕೃತ್ತಿಗೂ 8ರಿಂದ 12 ಗಂಟೆ ಸಿಗುತ್ತದೆ. ಹೃದಯಕ್ಕೆ ಆ ಸಡಿಲಿಕೆ ಇಲ್ಲ. ಎಷ್ಟು ದೂರದ ದಾನಿಯನ್ನು ಒಪ್ಪಬಹುದು, ರೋಗಿಯ ಎದೆಯನ್ನು ಎಷ್ಟು ಹೊತ್ತಿಗೆ ತೆರೆಯಬೇಕು, ಹಿಂದೊಮ್ಮೆ ಶಸ್ತ್ರಚಿಕಿತ್ಸೆಯಾಗಿ ಒಳಗೆಲ್ಲ ಅಂಟಿಕೊಂಡಿರುವ ಎದೆಯಾದರೆ ಎಷ್ಟು ಬೇಗ ಶುರು ಮಾಡಬೇಕು ಎಂಬುದೆಲ್ಲವನ್ನೂ ಈ 4 ಗಂಟೆಯೇ ತೀರ್ಮಾನಿಸುತ್ತಿತ್ತು.

ಇತ್ತೀಚಿನ ವರ್ಷಗಳಲ್ಲಿ ಹೃದಯ ಕಸಿಯ ಬಗ್ಗೆ ದಪ್ಪ ಅಕ್ಷರಗಳಲ್ಲಿ ಬಂದದ್ದು ಹಂದಿಯ ಹೃದಯ ಮತ್ತು ಟೈಟಾನಿಯಂ ಹೃದಯದ ಸುದ್ದಿ. ಎರಡೂ ಗಂಭೀರ ಸಂಶೋಧನೆಗಳೇ. ಆದರೆ ಇವತ್ತು ಕಾಯುವ ಪಟ್ಟಿಯಲ್ಲಿರುವ ರೋಗಿಗೆ ಹೃದಯ ಸಿಗುವ ಸಂಭವ ಹೆಚ್ಚಿದ್ದರೆ ಅದಕ್ಕೆ ಕಾರಣ ಬೇರೆ. ತೆಗೆದ ಹೃದಯವನ್ನು ದಾರಿಯಲ್ಲಿ ಹೇಗೆ ಕಾಪಾಡಬೇಕು, ಮೊದಲು ಕೈಬಿಡುತ್ತಿದ್ದ ಹೃದಯಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು ಎಂಬ ಸದ್ದಿಲ್ಲದ ಕೆಲಸ ಇದನ್ನು ಸಾಧಿಸಿದೆ. ಅಮೆರಿಕದಲ್ಲಿ 2013ರಲ್ಲಿ ಸುಮಾರು 2,500 ಹೃದಯ ಕಸಿಗಳಾಗಿದ್ದವು. 2023ರಲ್ಲಿ ಆ ಸಂಖ್ಯೆ 4,500 ದಾಟಿತು. ದಾನಿಗಳ ಸಂಖ್ಯೆ ಹೆಚ್ಚಿದ್ದು ಇದಕ್ಕೆ ಒಂದು ಕಾರಣ. ಹೆಪಟೈಟಿಸ್ ಸಿ ಸೋಂಕಿದ್ದ ದಾನಿಯ ಹೃದಯವನ್ನು ಕಸಿ ಮಾಡಿ, ಶಸ್ತ್ರಚಿಕಿತ್ಸೆಯ ಬೆನ್ನಿಗೇ ರೋಗಿಗೆ ಕೆಲವು ವಾರ ವೈರಸ್ ನಿರೋಧಕ ಮಾತ್ರೆ ಕೊಟ್ಟು ಸೋಂಕನ್ನು ತಡೆಯಬಹುದು ಎಂದು 2019ರ ಹೊತ್ತಿಗೆ ಸಾಬೀತಾದದ್ದು ಇನ್ನೊಂದು. ಮೂರನೆಯದು, ರಕ್ತಪರಿಚಲನೆ ನಿಂತು ಸತ್ತವರ ಹೃದಯವನ್ನೂ ಬಳಸಲು ಕಲಿತದ್ದು.

ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಆಗುವುದೇನು

1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಕ್ರಿಶ್ಚಿಯಾನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದಾಗ ದಾನಿ ಮತ್ತು ರೋಗಿ ಅಕ್ಕಪಕ್ಕದ ಆಪರೇಷನ್ ಥಿಯೇಟರ್‌ಗಳಲ್ಲಿದ್ದರು. ಸಾಗಣೆಯ ಪ್ರಶ್ನೆಯೇ ಇರಲಿಲ್ಲ. ಮುಂದೆ ಹೃದಯವನ್ನು ದೂರದಿಂದ ತರಲು ಶುರುವಾದಾಗ ಬಂದ ವಿಧಾನ ಬಹುತೇಕ ಹಾಗೆಯೇ ಉಳಿದಿದೆ. ಕ್ಲ್ಯಾಂಪ್ ಹಾಕಿದ ಕೂಡಲೇ ಮಹಾಪಧಮನಿಯ ಬುಡದಿಂದ ಪೊಟ್ಯಾಸಿಯಂ ಹೆಚ್ಚಿರುವ, 4 ಡಿಗ್ರಿ ಸೆಲ್ಸಿಯಸ್‌ನ ದ್ರಾವಣವನ್ನು, ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಪರಿಧಮನಿಗಳೊಳಕ್ಕೆ ಹರಿಸುತ್ತಾರೆ. ಹೃದಯ ಸಡಿಲಗೊಂಡು ನಿಲ್ಲುತ್ತದೆ. ದ್ರಾವಣ ಒಳಗೇ ತುಂಬಿ ಗೋಡೆ ಹಿಗ್ಗದಂತೆ ಎಡ ಮತ್ತು ಬಲ ಎರಡೂ ಭಾಗಗಳಿಗೆ ಹೊರದಾರಿ ಮಾಡಿಕೊಡಬೇಕು. ಈ ಹಂತದಲ್ಲಿ ಎಡ ಕುಹರ (ದೇಹಕ್ಕೆ ರಕ್ತ ದೂಡುವ ಕೆಳಕೋಣೆ) ಬಲೂನಿನಂತೆ ಉಬ್ಬಿದರೆ ಮುಂದೆ ಎಷ್ಟು ಜಾಗ್ರತೆ ವಹಿಸಿದರೂ ಆ ಹೃದಯ ಚೆನ್ನಾಗಿ ಮಿಡಿಯುವುದಿಲ್ಲ. ಆಮೇಲೆ ಹೃದಯವನ್ನು ಕತ್ತರಿಸಿ ತೆಗೆದು, ತಣ್ಣನೆಯ ದ್ರಾವಣ ತುಂಬಿದ ಚೀಲದಲ್ಲಿಟ್ಟು, ಅದರ ಮೇಲೆ ಇನ್ನೊಂದೆರಡು ಚೀಲಗಳ ಹೊದಿಕೆ ಕೊಟ್ಟು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ.

ತಂಪು ಜೀವಕೋಶದ ಖರ್ಚನ್ನು ತೀರಾ ಇಳಿಸುತ್ತದೆ, ಸೊನ್ನೆ ಮಾಡುವುದಿಲ್ಲ. ಆಮ್ಲಜನಕವಿಲ್ಲದೆ ಕೋಶ ತನ್ನ ಶಕ್ತಿಯ ದಾಸ್ತಾನನ್ನು ಕರಗಿಸುತ್ತ ಹೋಗುತ್ತದೆ. ಲ್ಯಾಕ್ಟೇಟ್ ಸೇರುತ್ತದೆ, ಆಮ್ಲೀಯತೆ ಏರುತ್ತದೆ. ಆ ಆಮ್ಲವನ್ನು ಹೊರದಬ್ಬುವ ಭರದಲ್ಲಿ ಕೋಶದೊಳಗೆ ಸೋಡಿಯಂ ಸೇರುತ್ತದೆ, ಸೋಡಿಯಂ ಹೊರಹೋಗುವಾಗ ಕ್ಯಾಲ್ಸಿಯಂ ಒಳಬರುತ್ತದೆ. ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದಲ್ಲಿ ಸಕ್ಸಿನೇಟ್ ಎಂಬ ವಸ್ತು ಶೇಖರವಾಗುತ್ತದೆ. ಇಷ್ಟೂ ಹೊತ್ತು ಹಾನಿ ಹೊರಗೆ ಕಾಣುವುದಿಲ್ಲ. ಹೊಸ ಎದೆಯಲ್ಲಿ ಹೊಲಿಗೆ ಮುಗಿದು ಬಿಸಿ ರಕ್ತ ನುಗ್ಗಿದ ಮೊದಲ ಕೆಲವು ನಿಮಿಷಗಳಲ್ಲಿ ಆ ಸಕ್ಸಿನೇಟ್ ಒಮ್ಮೆಲೇ ಉರಿದು ಆಮ್ಲಜನಕದ ವಿಷಕಾರಿ ಕಣಗಳನ್ನು ಹೊರಚೆಲ್ಲುತ್ತದೆ. ಮೊದಲೇ ಕ್ಯಾಲ್ಸಿಯಂ ತುಂಬಿಕೊಂಡಿರುವ ಮೈಟೊಕಾಂಡ್ರಿಯಗಳ ಪೊರೆ ಒಡೆಯುವುದು ಆಗಲೇ. ಅಂದರೆ ಪೆಟ್ಟಿಗೆಯಲ್ಲಿ ಕೂಡಿದ ಸಾಲವನ್ನು ಹೃದಯ ತೀರಿಸುವುದು ರೋಗಿಯ ಎದೆಯೊಳಗೆ.

ಮಂಜುಗಡ್ಡೆಯಿಂದ ಇನ್ನೊಂದು ತೊಂದರೆಯೂ ಇದೆ, ಅದರ ಬಗ್ಗೆ ಬಹಳ ಕಾಲ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿ ತಾಪಮಾನ 4 ಡಿಗ್ರಿಯಲ್ಲೇ ನಿಲ್ಲುವುದಿಲ್ಲ. ಹೊತ್ತು ಕಳೆದಂತೆ ಹೃದಯದ ಹೊರಮೈ 2 ಡಿಗ್ರಿಗಿಂತ ಕೆಳಗಿಳಿದು ಸೊನ್ನೆಯತ್ತ ಹೋಗುತ್ತದೆ, ಅಲ್ಲಿ ಪ್ರೋಟೀನುಗಳು ಕೆಡತೊಡಗುತ್ತವೆ. ತೆಳು ಗೋಡೆಯ ಬಲ ಕುಹರಕ್ಕೆ ಇದರ ಪೆಟ್ಟು ಜಾಸ್ತಿ. ಈಗ ಹಲವು ಕೇಂದ್ರಗಳು 4ರಿಂದ 8 ಡಿಗ್ರಿಯೊಳಗೆ ತಾಪಮಾನವನ್ನು ಹಿಡಿದಿಡುವ, ಮಂಜುಗಡ್ಡೆ ಬೇಡದ ಪೆಟ್ಟಿಗೆಗಳಿಗೆ ಬದಲಾಗಿವೆ. ಯಂತ್ರವಿಲ್ಲ, ಪಂಪ್ ಇಲ್ಲ, ತರಬೇತಿಯೂ ಹೆಚ್ಚು ಬೇಕಿಲ್ಲ. ಇರುವ ಸುಧಾರಣೆಗಳಲ್ಲಿ ಅತಿ ಸುಲಭವಾದದ್ದು ಇದೇ.

ಈ ಹಾನಿ ಮಿತಿ ಮೀರಿದಾಗ ಕಾಣುವ ಸ್ಥಿತಿಯೇ ಕಸಿಯ ಆರಂಭಿಕ ವೈಫಲ್ಯ. ತಿರಸ್ಕಾರ (ರೋಗಿಯ ದೇಹ ಹೊಸ ಅಂಗವನ್ನು ಪರಕೀಯವೆಂದು ಕಂಡು ಅದರ ಮೇಲೆ ದಾಳಿ ಮಾಡುವುದು), ರಕ್ತಸ್ರಾವ, ಶ್ವಾಸಕೋಶದ ಒತ್ತಡ ಇಂಥ ಬೇರೆ ಕಾರಣವಿಲ್ಲದೆ ಮೊದಲ 24 ಗಂಟೆಯೊಳಗೆ ಹೊಸ ಹೃದಯದ ಎಡ, ಬಲ ಅಥವಾ ಎರಡೂ ಕುಹರಗಳು ಸೋತರೆ ಅದನ್ನು ಹೀಗೆ ಕರೆಯಬೇಕು ಎಂದು 2014ರಲ್ಲಿ ಅಂತಾರಾಷ್ಟ್ರೀಯ ಒಮ್ಮತವಾಯಿತು. ಸೌಮ್ಯವಾಗಿದ್ದರೆ ಔಷಧಿಗಳಲ್ಲೇ ನಿಭಾಯಿಸಬಹುದು. ತೀವ್ರವಾದರೆ ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಕೂಡಿಸಿ ಹರಿಸುವ ಎಕ್ಮೋ ಯಂತ್ರಕ್ಕೆ ಜೋಡಿಸಿ ಹೃದಯ ಚೇತರಿಸಿಕೊಳ್ಳುವುದನ್ನು ಕಾಯಬೇಕು. ಕಸಿಯಾದ ಮೊದಲ ತಿಂಗಳ ಸಾವುಗಳಿಗೆ ಮುಖ್ಯ ಕಾರಣ ಇದು. ಆದ್ದರಿಂದ ಸಂರಕ್ಷಣೆಯ ಯಾವುದೇ ಹೊಸ ವಿಧಾನದ ಬಗ್ಗೆ ಓದುವಾಗ ಮೊದಲು ನೋಡಬೇಕಾದ ಅಂಕಿ ಆರಂಭಿಕ ವೈಫಲ್ಯದ ಪ್ರಮಾಣ.

ತಂಪಾಗಿ, ಆದರೆ ಆಮ್ಲಜನಕದೊಂದಿಗೆ

ಸ್ವೀಡನ್ನಿನ ಲುಂಡ್‌ನಲ್ಲಿ ಸ್ಟಿಗ್ ಸ್ಟೀನ್ ಎಂಬ ಶಸ್ತ್ರವೈದ್ಯರು ರೂಪಿಸಿದ ವಿಧಾನ ಮೇಲಿನ ಸಮಸ್ಯೆಯ ಬುಡಕ್ಕೇ ಕೈಹಾಕುತ್ತದೆ. ಹೃದಯ ಮಿಡಿಯುವುದು ಬೇಡ, ತಂಪಾಗಿಯೇ ಇರಲಿ, ಆದರೆ ಆಮ್ಲಜನಕವಿಲ್ಲದೆ ಇರುವುದು ಬೇಡ. ಸಾಗಿಸಬಹುದಾದ ಪೆಟ್ಟಿಗೆಯೊಳಗೆ ಹೃದಯವನ್ನು 8 ಡಿಗ್ರಿಯ ದ್ರಾವಣದಲ್ಲಿ ಮುಳುಗಿಸಿಟ್ಟು, ಕೆಂಪು ರಕ್ತಕಣ, ಪೋಷಕಾಂಶ ಮತ್ತು ಹಾರ್ಮೋನುಗಳನ್ನು ಸೇರಿಸಿದ ಅದೇ ದ್ರಾವಣವನ್ನು ಮಹಾಪಧಮನಿಯ ಮೂಲಕ ಮೆಲ್ಲಗೆ ಪರಿಧಮನಿಗಳಿಗೆ ಹರಿಸುತ್ತಾರೆ. ಒತ್ತಡ ಸುಮಾರು 20 ಮಿಲಿಮೀಟರ್ ಪಾದರಸ ಮಾತ್ರ. ಇದಕ್ಕಿಂತ ಜೋರಾಗಿ ಹರಿಸಿದರೆ ಸ್ನಾಯು ನೀರು ಹೀರಿ ಊದಿಕೊಳ್ಳುತ್ತದೆ, ಊದಿದ ಸ್ನಾಯು ಸಡಿಲಗೊಳ್ಳದೆ ರಕ್ತ ತುಂಬಿಕೊಳ್ಳಲು ಕಷ್ಟಪಡುತ್ತದೆ. ತೀರಾ ಮೆಲ್ಲಗಾದರೆ ಒಳಪದರಕ್ಕೆ ಆಮ್ಲಜನಕ ತಲುಪುವುದಿಲ್ಲ. ವಿಧಾನದ ಜಾಣ್ಮೆಯೆಲ್ಲ ಈ ನಡುವಿನ ಹದದಲ್ಲಿದೆ.

ಯೂರೋಪಿನ 8 ದೇಶಗಳ 15 ಕೇಂದ್ರಗಳಲ್ಲಿ ಇದನ್ನು ಮಂಜುಗಡ್ಡೆಯ ಜತೆ ಹೋಲಿಸಿ ನಡೆಸಿದ ಪ್ರಯೋಗ 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಸಿಯಾದ 204 ರೋಗಿಗಳಲ್ಲಿ ಹೃದಯ ಸಂಬಂಧಿ ಸಾವು, ಆರಂಭಿಕ ವೈಫಲ್ಯ, ತೀವ್ರ ತಿರಸ್ಕಾರ, ಕಸಿಯ ವೈಫಲ್ಯ ಇವಿಷ್ಟನ್ನೂ ಒಟ್ಟುಗೂಡಿಸಿ 30 ದಿನಕ್ಕೆ ಅಳೆದಾಗ ಯಂತ್ರದ ಗುಂಪಿನಲ್ಲಿ ಶೇ 19, ಮಂಜುಗಡ್ಡೆಯ ಗುಂಪಿನಲ್ಲಿ ಶೇ 30. ಅಪಾಯ ಶೇ 44ರಷ್ಟು ಕಡಿಮೆ ಎಂದು ಲೆಕ್ಕವಾಯಿತು. ಆದರೆ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಬಂದ ಪಿ ಮೌಲ್ಯ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) 0.059, ಅದು 0.05ಕ್ಕಿಂತ ಕೆಳಗಿರಬೇಕು ಎಂಬುದು ವಾಡಿಕೆಯ ಗೆರೆ. ಹಾಗಾಗಿ ಮುಖ್ಯ ಪ್ರಶ್ನೆಯ ಮಟ್ಟಿಗೆ ಪ್ರಯೋಗ ಕಟ್ಟುನಿಟ್ಟಾಗಿ ಗೆದ್ದಿಲ್ಲ. ಇದನ್ನು ಕೆಲವರು ಸೋಲು ಎಂದರು, ಯಂತ್ರ ತಯಾರಿಸುವ ಕಂಪನಿಯ ಕಡೆಯವರು ಶೇ 44ನ್ನಷ್ಟೇ ಹೇಳಿದರೆ ಅಚ್ಚರಿಯಿಲ್ಲ. ನಮ್ಮ ದೃಷ್ಟಿಯಲ್ಲಿ ಹೆಚ್ಚು ತೂಕದ ಅಂಕಿ ಬೇರೆ: ಆರಂಭಿಕ ವೈಫಲ್ಯ ಶೇ 28ರಿಂದ ಶೇ 11ಕ್ಕೆ ಇಳಿದಿತ್ತು. ಯಂತ್ರ ಯಾವ ಹಾನಿಯನ್ನು ತಡೆಯಬೇಕಿತ್ತೋ ಅದೇ ಹಾನಿ ಕಡಿಮೆಯಾಗಿದೆ, ತಿರಸ್ಕಾರದಂಥ ಅದಕ್ಕೆ ಸಂಬಂಧಿಸದ ಘಟನೆಗಳನ್ನು ಒಂದೇ ಮೊತ್ತಕ್ಕೆ ಸೇರಿಸಿದ್ದರಿಂದ ಫಲಿತಾಂಶ ಮಸುಕಾಗಿದೆ. ಹೀಗೆಂದ ಮಾತ್ರಕ್ಕೆ ಬದುಕುಳಿಯುವಿಕೆ ಹೆಚ್ಚಿತು ಎಂದು ಹೇಳಲು ಬರುವುದಿಲ್ಲ. 200 ಜನರ, 30 ದಿನಗಳ ಪ್ರಯೋಗ ಅದನ್ನು ತೋರಿಸಲಾರದು.

ಇದರಿಂದ ತಕ್ಷಣ ಸಿಕ್ಕ ಲಾಭ ದೂರ. ಅದೇ ವರ್ಷ ಫ್ರಾನ್ಸಿನ ತಂಡವೊಂದು ಫ್ರೆಂಚ್ ವೆಸ್ಟ್ ಇಂಡೀಸ್‌ನಲ್ಲಿ ತೆಗೆದ ಹೃದಯವನ್ನು ಇದೇ ಪೆಟ್ಟಿಗೆಯಲ್ಲಿಟ್ಟು, ಸಾಮಾನ್ಯ ಪ್ರಯಾಣಿಕ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರ ದಾಟಿಸಿ, ಸುಮಾರು 12 ಗಂಟೆಗಳ ಸಂರಕ್ಷಣೆಯ ನಂತರ ಪ್ಯಾರಿಸ್‌ನಲ್ಲಿ ಯಶಸ್ವಿಯಾಗಿ ಕಸಿ ಮಾಡಿದ್ದನ್ನು ವರದಿ ಮಾಡಿತು. ಹಳೆಯ ಲೆಕ್ಕದ ಮೂರು ಪಟ್ಟು ಸಮಯ. ಇಷ್ಟು ಹೊತ್ತು ಸಿಕ್ಕರೆ ದಾನಿ ಮತ್ತು ರೋಗಿಯ ಪ್ರತಿಕಾಯಗಳ ಹೊಂದಾಣಿಕೆಯನ್ನು ಸಾವಕಾಶವಾಗಿ ಪರೀಕ್ಷಿಸಬಹುದು. ಈಗ ಅನೇಕ ಬಾರಿ ಆ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಹೊಲಿಗೆ ಶುರುವಾಗಿರುತ್ತದೆ.

ನಿಂತ ಹೃದಯವನ್ನು ಮತ್ತೆ ನಡೆಸುವುದು

ಬಹುತೇಕ ಕಸಿಗಳಲ್ಲಿ ದಾನಿಯ ಮೆದುಳು ಶಾಶ್ವತವಾಗಿ ನಿಷ್ಕ್ರಿಯವಾಗಿರುತ್ತದೆ, ಹೃದಯ ಮಾತ್ರ ಮಿಡಿಯುತ್ತಿರುತ್ತದೆ. ಇನ್ನೊಂದು ಬಗೆಯ ದಾನಿಗಳೂ ಇದ್ದಾರೆ. ಮೆದುಳಿಗೆ ಚೇತರಿಕೆಯ ಆಸೆಯಿಲ್ಲದಷ್ಟು ಪೆಟ್ಟಾಗಿದೆ, ಆದರೆ ಮೆದುಳು ನಿಷ್ಕ್ರಿಯ ಎಂದು ಘೋಷಿಸುವ ಷರತ್ತುಗಳು ಪೂರ್ತಿಯಾಗಿಲ್ಲ. ಚಿಕಿತ್ಸೆ ಮುಂದುವರಿಸಬಾರದು ಎಂದು ಕುಟುಂಬ ಮತ್ತು ಚಿಕಿತ್ಸೆ ನೀಡುತ್ತಿರುವ ವೈದ್ಯರು ತೀರ್ಮಾನಿಸಿದ ಮೇಲೆ, ಆ ತೀರ್ಮಾನದಲ್ಲಿ ಯಾವ ಪಾತ್ರವೂ ಇಲ್ಲದ ಕಸಿ ತಂಡ ಬೇರೆಡೆ ಕಾಯುತ್ತದೆ. ವೆಂಟಿಲೇಟರ್ ತೆಗೆಯುತ್ತಾರೆ. ರಕ್ತದೊತ್ತಡ ಇಳಿಯುತ್ತದೆ, ಹೃದಯ ನಿಲ್ಲುತ್ತದೆ. ಅದು ತಾನಾಗಿ ಮತ್ತೆ ಶುರುವಾಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಲು 2ರಿಂದ 5 ನಿಮಿಷ, ಹೆಚ್ಚಿನ ಕಡೆ 5 ನಿಮಿಷ, ಯಾರೂ ಮುಟ್ಟದೆ ಕಾದು ಸಾವನ್ನು ಘೋಷಿಸುತ್ತಾರೆ. ಆಮೇಲಷ್ಟೇ ಶಸ್ತ್ರಚಿಕಿತ್ಸೆ.

ಕಷ್ಟ ಇಲ್ಲಿದೆ. ಈ ಹೊತ್ತಿನಲ್ಲೆಲ್ಲ ಹೃದಯ ದೇಹದ ಬಿಸಿಯಲ್ಲೇ ಆಮ್ಲಜನಕವಿಲ್ಲದೆ ಇರುತ್ತದೆ. ರಕ್ತದೊತ್ತಡ ನಿಗದಿತ ಮಟ್ಟಕ್ಕಿಂತ ಕೆಳಗಿಳಿದ ಕ್ಷಣದಿಂದ ತಂಪು ದ್ರಾವಣ ಹರಿಯುವ ತನಕ ಸುಮಾರು 30 ನಿಮಿಷದೊಳಗೆ ಮುಗಿಯಬೇಕು ಎಂಬುದು ಸಾಮಾನ್ಯ ಮಿತಿ. ಕೆಲವು ದಾನಿಗಳಲ್ಲಿ ವೆಂಟಿಲೇಟರ್ ತೆಗೆದ ಮೇಲೂ ಉಸಿರು ಗಂಟೆಗಟ್ಟಲೆ ನಡೆಯುತ್ತದೆ; ಆಗ ಹೃದಯದಾನ ಕೈಬಿಡಬೇಕಾಗುತ್ತದೆ. ಕುಟುಂಬಕ್ಕೆ ಈ ಸಾಧ್ಯತೆಯನ್ನು ಮೊದಲೇ ಬಿಡಿಸಿ ಹೇಳದಿದ್ದರೆ ದುಃಖದ ಮೇಲೆ ಇನ್ನೊಂದು ದುಃಖ ಹೊರಿಸಿದಂತಾಗುತ್ತದೆ.

2014ರಲ್ಲಿ ಸಿಡ್ನಿಯ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯ ತಂಡ ಇಂಥ ಹೃದಯಗಳನ್ನು ದೂರದಿಂದ ತಂದು ವಯಸ್ಕರಿಗೆ ಕಸಿ ಮಾಡಿ ತೋರಿಸಿತು. ಅವರು ಬಳಸಿದ್ದು ಬಿಸಿ ಯಂತ್ರ. ದಾನಿಯ ದೇಹದಿಂದ ಒಂದು ಲೀಟರಿಗೂ ಹೆಚ್ಚು ರಕ್ತ ಸಂಗ್ರಹಿಸಿ ಯಂತ್ರಕ್ಕೆ ತುಂಬಿಸಿ, 34 ಡಿಗ್ರಿಯ ಆಸುಪಾಸಿನಲ್ಲಿ ಹೃದಯಕ್ಕೆ ಹರಿಸಿದಾಗ ಅದು ಪೆಟ್ಟಿಗೆಯೊಳಗೆ ಮತ್ತೆ ಮಿಡಿಯುತ್ತದೆ. ದಾರಿಯುದ್ದಕ್ಕೂ ರಕ್ತದ ಲ್ಯಾಕ್ಟೇಟ್ ನೋಡುತ್ತ ಹೋಗುತ್ತಾರೆ. ಒಳಹೋಗುವ ರಕ್ತಕ್ಕಿಂತ ಹೊರಬರುವ ರಕ್ತದಲ್ಲಿ ಲ್ಯಾಕ್ಟೇಟ್ ಕಡಿಮೆಯಿದ್ದರೆ ಹೃದಯ ಅದನ್ನು ಇಂಧನವಾಗಿ ಉರಿಸುತ್ತಿದೆ, ಅಂದರೆ ಕೋಶಗಳು ಚೇತರಿಸಿಕೊಂಡಿವೆ. ಮಟ್ಟ ಏರುತ್ತ ಹೋಗಿ ಲೀಟರಿಗೆ 5 ಮಿಲಿಮೋಲ್ ದಾಟಿದರೆ ಅಂಥ ಹೃದಯವನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಈ ವಿಧಾನದ ಕೊರತೆಯೂ ಇಲ್ಲೇ ಇದೆ: ಯಂತ್ರದಲ್ಲಿ ಎಡ ಕುಹರ ಖಾಲಿಯಾಗಿ ಮಿಡಿಯುತ್ತದೆ. ಭಾರ ಹೊತ್ತಾಗ ಅದು ಎಷ್ಟು ಬಲವಾಗಿ ದೂಡುತ್ತದೆ ಎಂಬುದು ಲ್ಯಾಕ್ಟೇಟ್‌ನಿಂದ ತಿಳಿಯುವುದಿಲ್ಲ.

ಅಮೆರಿಕದಲ್ಲಿ ನಡೆದ ಯಾದೃಚ್ಛಿಕ ಪ್ರಯೋಗದ ಫಲಿತಾಂಶ 2023ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ನಿಂತ ಹೃದಯ ಪಡೆದವರಲ್ಲಿ 6 ತಿಂಗಳಿಗೆ ಬದುಕುಳಿದವರು ಶೇ 94, ಮೆದುಳು ನಿಷ್ಕ್ರಿಯವಾದ ದಾನಿಯ ಹೃದಯ ಪಡೆದವರಲ್ಲಿ ಶೇ 90. ಇದನ್ನು ಓದಿ ನಿಂತ ಹೃದಯವೇ ಉತ್ತಮ ಎಂದುಕೊಳ್ಳಬಾರದು. ಪ್ರಯೋಗ ರೂಪಿಸಿದ್ದು ಅದು ಹೆಚ್ಚು ಕೆಟ್ಟದಲ್ಲ ಎಂದು ತೋರಿಸಲು. ತೀವ್ರ ಆರಂಭಿಕ ವೈಫಲ್ಯ ನಿಂತ ಹೃದಯಗಳಲ್ಲಿ ಶೇ 15, ಇನ್ನೊಂದು ಗುಂಪಿನಲ್ಲಿ ಶೇ 5 ಇತ್ತು. ಅಂದರೆ ಪೆಟ್ಟು ಬಿದ್ದದ್ದು ನಿಜ, ಬಹುತೇಕ ಹೃದಯಗಳು ಎಕ್ಮೋದ ಆಸರೆಯಲ್ಲಿ ಕೆಲವು ದಿನಗಳಲ್ಲಿ ಎದ್ದು ಕೂತವು. ಆ ಆಸರೆ ಕೊಡುವ ಶಕ್ತಿಯಿಲ್ಲದ ಕೇಂದ್ರ ಈ ಕಾರ್ಯಕ್ರಮ ಶುರು ಮಾಡಿದರೆ ಇದೇ ಫಲಿತಾಂಶ ಬರುತ್ತದೆ ಎನ್ನುವಂತಿಲ್ಲ.

ಇನ್ನೊಂದು ದಾರಿ, ಸಾವು ಘೋಷಣೆಯಾದ ಮೇಲೆ ಮೆದುಳಿಗೆ ಹೋಗುವ ರಕ್ತನಾಳಗಳನ್ನು ಮುಚ್ಚಿ, ಪಂಪ್‌ನಿಂದ ದೇಹದೊಳಗೇ ರಕ್ತ ಹರಿಸಿ ಹೃದಯವನ್ನು ಅಲ್ಲಿಯೇ ನಡೆಸುವುದು. ಇಂಗ್ಲೆಂಡಿನ ಪ್ಯಾಪ್‌ವರ್ತ್ ಆಸ್ಪತ್ರೆ 2015ರಲ್ಲಿ ಇದನ್ನು ಬಳಸಿತು. ಹೃದಯ ಭಾರ ಹೊತ್ತು ಕೆಲಸ ಮಾಡುವುದನ್ನು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ನೋಡಿಯೇ ಒಪ್ಪಬಹುದಾದ್ದರಿಂದ ಶಸ್ತ್ರವೈದ್ಯರಿಗೆ ಇದು ಇಷ್ಟ. ಆದರೆ ರಕ್ತಪರಿಚಲನೆ ನಿಂತಿತು ಎಂಬ ಕಾರಣಕ್ಕೆ ಸಾವು ಘೋಷಿಸಿ, ಮತ್ತೆ ಅದೇ ದೇಹದಲ್ಲಿ ಪರಿಚಲನೆ ಶುರು ಮಾಡಬಹುದೇ ಎಂಬ ಪ್ರಶ್ನೆಗೆ ಎಲ್ಲ ದೇಶಗಳೂ ಒಂದೇ ಉತ್ತರ ಕೊಟ್ಟಿಲ್ಲ. ಈ ಆಕ್ಷೇಪವನ್ನು ತಾಂತ್ರಿಕ ತಕರಾರು ಎಂದು ತಳ್ಳಿಹಾಕುವುದು ತಪ್ಪು. ಅಂಗದಾನ ನಿಂತಿರುವುದೇ ಸಾವಿನ ಘೋಷಣೆಯ ಮೇಲಿನ ನಂಬಿಕೆಯಿಂದ.

2025ರ ಜುಲೈಯಲ್ಲಿ ಬಂದ ಎರಡು ವರದಿಗಳು ಈ ಇಕ್ಕಟ್ಟಿಗೆ ಹೊರದಾರಿ ಹುಡುಕುತ್ತವೆ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ ನಿಂತ ಹೃದಯವನ್ನು ಮತ್ತೆ ಮಿಡಿಸುವ ಗೋಜಿಗೇ ಹೋಗಲಿಲ್ಲ. ಆಮ್ಲಜನಕ ತುಂಬಿದ ತಣ್ಣನೆಯ ಸಂರಕ್ಷಣಾ ದ್ರಾವಣವನ್ನು ಪರಿಧಮನಿಗಳಿಗಷ್ಟೇ ಹರಿಸಿ, ಹೃದಯವನ್ನು ತಂಪಿನಲ್ಲೇ ತಂದು, ಮೂವರು ರೋಗಿಗಳಿಗೆ ಯಶಸ್ವಿಯಾಗಿ ಕಸಿ ಮಾಡಿತು. ಡ್ಯೂಕ್ ವಿಶ್ವವಿದ್ಯಾಲಯದ ತಂಡ ಶಿಶುವಿನ ಹೃದಯವನ್ನು ದೇಹದಿಂದ ಹೊರತೆಗೆದು, ಅಲ್ಲೇ ಮೇಜಿನ ಮೇಲೆ ಸಣ್ಣ ವ್ಯವಸ್ಥೆಯೊಂದಕ್ಕೆ ಜೋಡಿಸಿ ಮಿಡಿಸಿ ನೋಡಿ, ಇನ್ನೊಂದು ಶಿಶುವಿಗೆ ಕಸಿ ಮಾಡಿತು. ಮಾರುಕಟ್ಟೆಯಲ್ಲಿರುವ ಬಿಸಿ ಯಂತ್ರ ಅಷ್ಟು ಪುಟ್ಟ ಹೃದಯಕ್ಕೆ ಹೊಂದುವುದಿಲ್ಲ. ಸಂಖ್ಯೆಗಳು ಬೆರಳೆಣಿಕೆಯವು, ಆದರೂ ಈ ಎರಡು ವರದಿಗಳನ್ನು ನಾವು ಬಹಳ ಮುಖ್ಯ ಎಂದು ಪರಿಗಣಿಸುತ್ತೇವೆ: ಯಂತ್ರ ಕೊಳ್ಳಲಾಗದ ಕೇಂದ್ರಕ್ಕೂ, ದೇಹದೊಳಗಿನ ಪುನಶ್ಚೇತನವನ್ನು ಕಾನೂನು ಒಪ್ಪದ ದೇಶಕ್ಕೂ ಇವು ಬಾಗಿಲು ತೆರೆಯಬಲ್ಲವು.

ಪೂರ್ತಿ ಹೃದಯ ಬಳಕೆಗೆ ಬಾರದಿದ್ದಾಗಲೂ ಅದರ ಒಂದು ಭಾಗ ಜೀವ ಉಳಿಸಬಹುದು. 2022ರಲ್ಲಿ ಡ್ಯೂಕ್‌ನಲ್ಲೇ ನವಜಾತ ಶಿಶುವೊಂದಕ್ಕೆ ಜೀವಂತ ಕವಾಟಗಳನ್ನೂ ಅವುಗಳಿಗೆ ಅಂಟಿದ ರಕ್ತನಾಳಗಳನ್ನೂ ಮಾತ್ರ ಕಸಿ ಮಾಡಿದರು. ಮಗು ಬೆಳೆದಂತೆ ಕವಾಟವೂ ಬೆಳೆಯಿತು. ಹೆಪ್ಪುಗಟ್ಟಿಸಿ ಇಟ್ಟ ಕವಾಟ ಬೆಳೆಯುವುದಿಲ್ಲ, ಅದಕ್ಕಾಗಿ ಮಗು ಮತ್ತೆ ಮತ್ತೆ ಎದೆ ತೆರೆಸಿಕೊಳ್ಳಬೇಕು.

ಕಸಿಯಾದ ಮೇಲಿನ ವರ್ಷಗಳು

1983ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ತಿರಸ್ಕಾರ ತಡೆಯುವ ಔಷಧ ಸೈಕ್ಲೊಸ್ಪೊರಿನ್ ಹೃದಯ ಕಸಿಯನ್ನು ಸಾಹಸದಿಂದ ಚಿಕಿತ್ಸೆಯಾಗಿ ಬದಲಿಸಿತು. ಈಗ ಅದರ ಜಾಗದಲ್ಲಿ ಹೆಚ್ಚಾಗಿ ಟ್ಯಾಕ್ರೊಲಿಮಸ್, ಜತೆಗೆ ಮೈಕೊಫೆನೊಲೇಟ್ ಮತ್ತು ಮೊದಲ ಅವಧಿಯಲ್ಲಿ ಸ್ಟೆರಾಯ್ಡ್. ಮೊದಲ ವರ್ಷ ದಾಟುವವರು ಶೇ 85ರಿಂದ 90. ಕಸಿಯಾದವರಲ್ಲಿ ಅರ್ಧದಷ್ಟು ಜನ 12 ವರ್ಷಕ್ಕಿಂತ ಹೆಚ್ಚು ಬದುಕುತ್ತಾರೆ.

ಟ್ಯಾಕ್ರೊಲಿಮಸ್‌ನ ಹದ ಕಿರಿದು. ಮುಂದಿನ ಡೋಸ್‌ಗೆ ಮುಂಚೆ ರಕ್ತದಲ್ಲಿ ಅಳೆದಾಗ ಮೊದಲ ತಿಂಗಳುಗಳಲ್ಲಿ ಮಿಲಿಲೀಟರಿಗೆ 10ರಿಂದ 15 ನ್ಯಾನೊಗ್ರಾಂ, ಆಮೇಲೆ 5ರಿಂದ 10 ಇರಬೇಕು. ಕಡಿಮೆಯಾದರೆ ತಿರಸ್ಕಾರ, ಹೆಚ್ಚಾದರೆ ಕೈನಡುಕ, ಮೂತ್ರಪಿಂಡಕ್ಕೆ ಹಾನಿ. ಶಿಲೀಂಧ್ರ ಸೋಂಕಿನ ಮಾತ್ರೆಗಳು, ಕ್ಲಾರಿಥ್ರೊಮೈಸಿನ್, ಗ್ರೇಪ್‌ಫ್ರೂಟ್ ಹಣ್ಣು ಅದರ ಮಟ್ಟವನ್ನು ಏರಿಸುತ್ತವೆ. ಕ್ಷಯದ ಔಷಧಿ ರಿಫಾಂಪಿಸಿನ್ ಮತ್ತು ಮೂರ್ಛೆರೋಗದ ಔಷಧಿ ಫೆನಿಟಾಯಿನ್ ಇಳಿಸುತ್ತವೆ. ಭೇದಿಯಾದಾಗ ಔಷಧ ದೇಹದಿಂದ ಹೋಗಿಬಿಡುತ್ತದೆ ಎಂದು ಜನ ಭಾವಿಸಿ ಇನ್ನೊಂದು ಮಾತ್ರೆ ನುಂಗುವುದುಂಟು. ಆಗುವುದು ತಿರುಗುಮುರುಗು: ಕರುಳಿನ ಗೋಡೆಯಲ್ಲಿ ಔಷಧವನ್ನು ಹಿಂದಕ್ಕೆ ತಳ್ಳುವ ವ್ಯವಸ್ಥೆ ಸೊರಗಿ, ರಕ್ತದಲ್ಲಿ ಮಟ್ಟ ಏರುತ್ತದೆ. ಭೇದಿ ಎರಡು ದಿನ ಮುಂದುವರಿದರೆ ರಕ್ತಪರೀಕ್ಷೆ ಮಾಡಿಸದೆ ಡೋಸ್ ಬದಲಿಸಬಾರದು.

ತಿರಸ್ಕಾರ ಪತ್ತೆಗೆ ಇಷ್ಟು ವರ್ಷ ಇದ್ದ ದಾರಿ ಬಯಾಪ್ಸಿ. ಕುತ್ತಿಗೆಯ ಅಭಿಧಮನಿಯಿಂದ ಚಿಮುಟವನ್ನು ಬಲ ಕುಹರಕ್ಕಿಳಿಸಿ ಸ್ನಾಯುವಿನ ಚೂರುಗಳನ್ನು ಕಿತ್ತು ತೆಗೆಯುವುದು. ಮೊದಲ ವರ್ಷದಲ್ಲೇ ಹತ್ತಾರು ಬಾರಿ. ಅಪರೂಪಕ್ಕೆ ಗೋಡೆ ತೂತಾಗುತ್ತದೆ, ಮತ್ತೆ ಮತ್ತೆ ಮಾಡಿದಾಗ ಟ್ರೈಕಸ್ಪಿಡ್ ಕವಾಟ ಕೆಡುತ್ತದೆ. ಈಗ ರೋಗಿಯ ರಕ್ತದಲ್ಲಿ ತೇಲುವ ದಾನಿಯ ಡಿಎನ್‌ಎ ತುಣುಕುಗಳನ್ನು ಅಳೆಯುತ್ತಾರೆ. ಕಸಿಯ ಕೋಶಗಳು ಸಾಯುತ್ತಿದ್ದರೆ ಅವು ಹೆಚ್ಚುತ್ತವೆ. 2021ರ ಅಧ್ಯಯನವೊಂದರಲ್ಲಿ, ರಕ್ತದಲ್ಲಿ ತೇಲುವ ಡಿಎನ್‌ಎಯಲ್ಲಿ ದಾನಿಯ ಪಾಲಿಗೆ ಶೇ 0.25ರ ಗೆರೆ ಇಟ್ಟುಕೊಂಡರೆ ಶೇ 81ರಷ್ಟು ಬಯಾಪ್ಸಿಗಳನ್ನು ಬಿಡಬಹುದಿತ್ತು ಎಂದು ಕಂಡುಬಂತು. ಆದರೆ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಇದು ಹೇಗಿದ್ದರೂ ಮೇಲೆಯೇ ಇರುತ್ತದೆ. ಮಟ್ಟ ಏರಿದೆ ಎಂದರೆ ಹಾನಿಯಾಗಿದೆ ಎಂದಷ್ಟೇ ಅರ್ಥ, ಯಾವ ಬಗೆಯ ತಿರಸ್ಕಾರ ಎಂದು ತಿಳಿಯಲು ಬಯಾಪ್ಸಿಯೇ ಬೇಕು.

ವರ್ಷಗಳ ನಂತರ ಕಾಡುವುದು ಕಸಿ ಹೃದಯದ ಪರಿಧಮನಿಗಳ ರೋಗ. ಸಾಮಾನ್ಯ ಹೃದ್ರೋಗದಲ್ಲಿ ಅಲ್ಲಲ್ಲಿ ಅಡಚಣೆ ಕಾಣುತ್ತದೆ. ಇಲ್ಲಿ ನಾಳಗಳ ಒಳಪದರ ಉದ್ದಕ್ಕೂ ದಪ್ಪವಾಗುತ್ತ ತುದಿಯ ತನಕ ಕಿರಿದಾಗುತ್ತದೆ, ಹಾಗಾಗಿ ಸ್ಟೆಂಟ್ ಹಾಕಲು ಜಾಗವಿರುವುದಿಲ್ಲ. 10 ವರ್ಷಕ್ಕೆ ಸುಮಾರು ಅರ್ಧದಷ್ಟು ಜನರಲ್ಲಿ ಇದು ಕಾಣುತ್ತದೆ. ಕಸಿ ಮಾಡುವಾಗ ನರಗಳು ಕತ್ತರಿಸಿಹೋಗಿರುವುದರಿಂದ ಎದೆನೋವು ಬರುವುದು ಅಪರೂಪ; ಮೊದಲ ಲಕ್ಷಣ ಉಸಿರುಗಟ್ಟುವುದೋ ಹಠಾತ್ ಸಾವೋ ಆಗಿರಬಹುದು. ನೋವಿಲ್ಲ ಎಂದು ವಾರ್ಷಿಕ ಪರೀಕ್ಷೆ ತಪ್ಪಿಸುವುದು ಅಪಾಯ. ಸ್ಟ್ಯಾಟಿನ್ ಅನ್ನು ಕೊಲೆಸ್ಟ್ರಾಲ್ ಎಷ್ಟೇ ಇದ್ದರೂ ಕಸಿಯಾದ ಕೆಲವು ವಾರಗಳಲ್ಲೇ ಶುರು ಮಾಡುತ್ತಾರೆ. ತಿರಸ್ಕಾರ ತಡೆಯುವ ಇನ್ನೊಂದು ಔಷಧ ಎವೆರೊಲಿಮಸ್ ಈ ರೋಗದ ವೇಗ ತಗ್ಗಿಸುತ್ತದೆ, ಆದರೆ ಗಾಯ ಮಾಯುವುದನ್ನೂ ನಿಧಾನಿಸುವುದರಿಂದ ಶಸ್ತ್ರಚಿಕಿತ್ಸೆಯ ಬೆನ್ನಿಗೇ ಕೊಡುವುದಿಲ್ಲ.

ಹಂದಿಯ ಹೃದಯ, ಲೋಹದ ಹೃದಯ

2022ರ ಜನವರಿ 7ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 57 ವರ್ಷದ ರೋಗಿಗೆ ಇಟ್ಟ ಹಂದಿ ಹೃದಯದಲ್ಲಿ 10 ಜೀನ್ ಬದಲಾವಣೆಗಳಿದ್ದವು. ಮನುಷ್ಯನ ಪ್ರತಿಕಾಯಗಳು ಕೂಡಲೇ ಗುರುತಿಸುವ ಸಕ್ಕರೆ ಅಣುಗಳನ್ನು ತಯಾರಿಸುವ 3 ಜೀನ್‌ಗಳನ್ನು ತೆಗೆದಿದ್ದರು. ಹೃದಯ ಹಂದಿಯ ಗಾತ್ರಕ್ಕೆ ಬೆಳೆಯದಿರಲಿ ಎಂದು ಬೆಳವಣಿಗೆ ಹಾರ್ಮೋನಿನ ಗ್ರಾಹಕದ ಜೀನ್ ತೆಗೆದಿದ್ದರು. ಉರಿಯೂತ ಮತ್ತು ಹೆಪ್ಪುಗಟ್ಟುವಿಕೆಯನ್ನು ತಡೆಯುವ ಮನುಷ್ಯನ 6 ಜೀನ್‌ಗಳನ್ನು ಸೇರಿಸಿದ್ದರು. ರೋಗಿ ಎರಡು ತಿಂಗಳು ಬದುಕಿದರು. ಮುಂಚಿನ ಪರೀಕ್ಷೆಗಳಲ್ಲಿ ಸಿಗದ ಹಂದಿಯ ಸೈಟೊಮೆಗಲೊ ವೈರಸ್ ಆ ಹೃದಯದಲ್ಲಿ ಅಡಗಿತ್ತು ಎಂದು ಆಮೇಲೆ ತಿಳಿಯಿತು. 2023ರ ಸೆಪ್ಟೆಂಬರ್‌ನಲ್ಲಿ ಎರಡನೆಯ ರೋಗಿಗೆ ಕಸಿಯಾಯಿತು. ತಿರಸ್ಕಾರ ಕಾಣಿಸಿಕೊಂಡು ಅವರು ಸುಮಾರು 6 ವಾರಗಳಲ್ಲಿ ತೀರಿಕೊಂಡರು.

ಈ ಕಥೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಕೊಂಡಿಯಿದೆ. ಮ್ಯೂನಿಕ್‌ನ ತಂಡ ಹಂದಿ ಹೃದಯಗಳನ್ನು ಬಬೂನ್ ಕೋತಿಗಳಿಗೆ ಕಸಿ ಮಾಡುತ್ತಿದ್ದಾಗ ಎಷ್ಟೇ ಜೀನ್ ತಿದ್ದಿದರೂ ಹೃದಯಗಳು ಬೇಗನೆ ಸೋಲುತ್ತಿದ್ದವು. ತಂಪು ದ್ರಾವಣದಲ್ಲಿ ಸುಮ್ಮನೆ ಇಡುವುದನ್ನು ಬಿಟ್ಟು ಸ್ಟೀನ್ ಅವರ 8 ಡಿಗ್ರಿಯ ವಿಧಾನಕ್ಕೆ ಬದಲಾದ ಮೇಲೆ, ಹೃದಯ ಅತಿಯಾಗಿ ಬೆಳೆಯದಂತೆಯೂ ತಡೆದಾಗ, ಪ್ರಾಣಿಗಳು 6 ತಿಂಗಳ ತನಕ ಬದುಕಿದವು. 2018ರಲ್ಲಿ ನೇಚರ್‌ನಲ್ಲಿ ಬಂದ ವರದಿಯಲ್ಲಿ ಅತಿ ದೀರ್ಘ ಅವಧಿ 195 ದಿನ. ತಿರಸ್ಕಾರ ಎಂದು ಭಾವಿಸಿದ್ದ ಸೋಲಿನ ಒಂದು ಪಾಲು ಸಂರಕ್ಷಣೆಯ ಸೋಲಾಗಿತ್ತು.

ಟೈಟಾನಿಯಂ ಹೃದಯದ ಸ್ಥಿತಿ ಬೇರೆ. ಬೈವಕೋರ್ ಎಂಬ ಸಾಧನದಲ್ಲಿ ಕವಾಟವಿಲ್ಲ, ಹಿಗ್ಗಿ ಕುಗ್ಗುವ ಪೊರೆಯಿಲ್ಲ. ಕಾಂತಶಕ್ತಿಯಲ್ಲಿ ಎಲ್ಲಿಯೂ ತಾಗದೆ ತೇಲುವ ಒಂದೇ ಚಕ್ರ ಎರಡೂ ಕಡೆಯ ರಕ್ತವನ್ನು ದೂಡುತ್ತದೆ. ತಾಗುವ ಭಾಗವಿಲ್ಲದ್ದರಿಂದ ಸವೆತವಿಲ್ಲ. 2024ರ ಜುಲೈಯಲ್ಲಿ ಹ್ಯೂಸ್ಟನ್‌ನಲ್ಲಿ ಮೊದಲ ರೋಗಿಗೆ ಅಳವಡಿಸಿ 8 ದಿನಗಳ ನಂತರ ದಾನಿಯ ಹೃದಯ ಹಾಕಿದರು. ಆಸ್ಟ್ರೇಲಿಯಾದ ರೋಗಿಯೊಬ್ಬರು ಇದರೊಂದಿಗೆ ಆಸ್ಪತ್ರೆಯಿಂದ ಹೊರಬಂದು, 100 ದಿನ ದಾಟಿ, 2025ರ ಮಾರ್ಚ್‌ನಲ್ಲಿ ಕಸಿ ಪಡೆದರು. ಸದ್ಯಕ್ಕೆ ಇದು ಕಾಯುವ ಅವಧಿಯ ಆಸರೆ.

ದೀರ್ಘಾವಧಿಗೆ ಈಗಲೇ ಕೈಗೆಟಕುವುದು ಎಡ ಕುಹರಕ್ಕಷ್ಟೇ ಜೋಡಿಸುವ ಪಂಪ್. ಹಾರ್ಟ್‌ಮೇಟ್ 3 ಎಂಬ ಇಂಥ ಪಂಪ್ ಹಾಕಿಸಿಕೊಂಡವರಲ್ಲಿ 5 ವರ್ಷಕ್ಕೆ ಶೇ 58 ಮಂದಿ ಬದುಕಿದ್ದರು, ಹಿಂದಿನ ಮಾದರಿಯಲ್ಲಿ ಶೇ 44. ಹೊಟ್ಟೆಯಿಂದ ಹೊರಬರುವ ತಂತಿಯ ಜಾಗದಲ್ಲಿ ಸೋಂಕು ಈಗಲೂ ದೊಡ್ಡ ತಲೆನೋವು. ಇವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಜತೆ ವಾಡಿಕೆಯಂತೆ ಕೊಡುತ್ತಿದ್ದ ಆಸ್ಪಿರಿನ್ ಬಿಟ್ಟರೆ ರಕ್ತಸ್ರಾವ ಶೇ 34ರಷ್ಟು ಕಡಿಮೆಯಾಗುತ್ತದೆ, ಹೆಪ್ಪುಗಟ್ಟುವಿಕೆ ಹೆಚ್ಚುವುದಿಲ್ಲ ಎಂದು 2023ರ ಪ್ರಯೋಗ ತೋರಿಸಿತು.

ಪಟ್ಟಿಗೆ ಬರುವ ಮುಂಚೆ

ಕಸಿಯ ಅಗತ್ಯವನ್ನೇ ಮುಂದೂಡುವ ಔಷಧಿಗಳು ಕೈಯಲ್ಲಿದ್ದೂ ಪೂರ್ತಿ ಬಳಕೆಯಾಗುತ್ತಿಲ್ಲ ಎಂಬುದು ಈ ಕ್ಷೇತ್ರದಲ್ಲಿ ಅತಿ ನೋವಿನ ಸಂಗತಿ. ಪಂಪಿಂಗ್ ಶಕ್ತಿ ಕುಂದಿದ ಹೃದಯ ವೈಫಲ್ಯಕ್ಕೆ ನಾಲ್ಕು ಗುಂಪುಗಳು ಬೇಕು: ಸಕ್ಯುಬಿಟ್ರಿಲ್-ವಲ್ಸಾರ್ಟನ್, ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಜಾತಿಯ ಔಷಧ, ಮಧುಮೇಹಕ್ಕೆಂದು ಬಂದ ಡಾಪಾಗ್ಲಿಫ್ಲೊಜಿನ್ ಅಥವಾ ಎಂಪಾಗ್ಲಿಫ್ಲೊಜಿನ್. ಮೊದಲು ಒಂದನ್ನು ಶುರು ಮಾಡಿ, ತಿಂಗಳುಗಟ್ಟಲೆ ಡೋಸ್ ಏರಿಸಿ, ಆಮೇಲೆ ಎರಡನೆಯದು ಎನ್ನುವ ಪದ್ಧತಿಯಿತ್ತು. 2022ರ ಸ್ಟ್ರಾಂಗ್-ಎಚ್‌ಎಫ್ ಪ್ರಯೋಗದಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ 2 ವಾರಗಳಲ್ಲಿ ಪೂರ್ತಿ ಡೋಸ್‌ಗೆ ಏರಿಸಿ, ಪದೇ ಪದೇ ಕರೆದು ನೋಡಿದರು. 6 ತಿಂಗಳಲ್ಲಿ ಸಾವು ಅಥವಾ ಮತ್ತೆ ದಾಖಲಾತಿ ಶೇ 23ರಿಂದ ಶೇ 15ಕ್ಕೆ ಇಳಿಯಿತು. ಪ್ರತಿ ಭೇಟಿಯಲ್ಲಿ ರಕ್ತದೊತ್ತಡ, ನಾಡಿಬಡಿತ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಮತ್ತು ಹೃದಯದ ಮೇಲಿನ ಹೊರೆ ತಿಳಿಸುವ ರಕ್ತಪರೀಕ್ಷೆ, ಇಷ್ಟೇ ಬೇಕಾದದ್ದು.

ಇಷ್ಟಾದರೂ ಸೋಲುವ ಹೃದಯಗಳಿರುತ್ತವೆ. ಮೊದಲು ಒಗ್ಗಿದ್ದ ಔಷಧಿಯ ಡೋಸ್ ಅನ್ನು ರಕ್ತದೊತ್ತಡ ತಡೆಯುತ್ತಿಲ್ಲವೆಂದು ಇಳಿಸಬೇಕಾಗಿ ಬಂದರೆ, ಮೂತ್ರದ ಮಾತ್ರೆಯ ಪ್ರಮಾಣ ಏರುತ್ತಲೇ ಇದ್ದರೆ, ವರ್ಷಕ್ಕೆ ಎರಡನೆಯ ಬಾರಿ ದಾಖಲಾದರೆ, ಎದೆಯಲ್ಲಿಟ್ಟ ಡಿಫಿಬ್ರಿಲೇಟರ್ ಷಾಕ್ ಕೊಡಲು ಶುರು ಮಾಡಿದರೆ, ಮೂತ್ರಪಿಂಡ ಸೊರಗುತ್ತಿದ್ದರೆ, ಕಸಿ ಕೇಂದ್ರಕ್ಕೆ ಕಳಿಸುವ ಸಮಯ ಬಂದಿದೆ. ತಡ ಮಾಡಿದಷ್ಟೂ ಎಡ ಹೃದಯದ ಹಿಂದಿನ ಒತ್ತಡ ಶ್ವಾಸಕೋಶದ ರಕ್ತನಾಳಗಳನ್ನು ಬಿಗಿಗೊಳಿಸುತ್ತ ಹೋಗುತ್ತದೆ. ಆ ನಾಳಗಳು ರಕ್ತದ ಹರಿವಿಗೆ ಒಡ್ಡುವ ಪ್ರತಿರೋಧ 3 ವುಡ್ ಯೂನಿಟ್ (ಅದನ್ನು ಅಳೆಯುವ ಮಾನ) ದಾಟಿ, ನಾಳ ಹಿಗ್ಗಿಸುವ ಔಷಧಿ ಕೊಟ್ಟರೂ ಇಳಿಯದಿದ್ದರೆ, ಹೊಸ ಹೃದಯದ ಬಲ ಕುಹರ ಮೊದಲ ರಾತ್ರಿಯೇ ಸೋಲುವ ಭಯವಿದೆ. ಆಗ ಎಡ ಕುಹರದ ಪಂಪ್ ಹಾಕಿ, 3ರಿಂದ 6 ತಿಂಗಳು ಒತ್ತಡ ಇಳಿಯಲು ಬಿಟ್ಟು, ಮತ್ತೆ ಅಳೆಯುತ್ತಾರೆ. ಅನೇಕರಲ್ಲಿ ಅದು ಇಳಿಯುತ್ತದೆ, ಅವರ ಹೆಸರು ಆಗ ಪಟ್ಟಿಗೆ ಸೇರುತ್ತದೆ.